ಹಗೇವು, ಹಬ್ಬ ಮತ್ತು ಇಪ್ಪತ್ತೊಂದು ದಿನ

2020ರ ಯುಗಾದಿ ಬಂದಿದ್ದು ಮಾರ್ಚ್ 25, ಬುಧವಾರ. ಹಿಂದಿನ ದಿನ ಅಮಾವಾಸ್ಯೆ. ಅವತ್ತು ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 21 ದಿನ ಇಡೀ ದೇಶ ಬಂದ್ ಅಂದರು. ಉಳಿದಿದ್ದು ನಾಲ್ಕು ತಾಸು. ದಿನಸಿ ಅಂಗಡಿ ತೆರೆದಿರುತ್ತವೆ ಅಂತ ಸರ್ಕಾರ ಹೇಳಿತು, ನಂಬುವವರು ಕಮ್ಮಿ ಇದ್ದರು. ಬೆಂಗಳೂರಿನಲ್ಲಿ ಹಬ್ಬಕ್ಕೆ ಬೆಲ್ಲ, ಕಡ್ಲೆಬೇಳೆ ತರಲು ಹೊರಟವರು ಮೂರು ವಾರಕ್ಕಾಗುವ ಅಕ್ಕಿ, ಎಣ್ಣೆ, ಬಿಸ್ಕತ್ತು ಹೊತ್ತು ತಂದರು. ದಿನಸಿ ಆ್ಯಪ್‌ಗಳಲ್ಲಿ ಡೆಲಿವರಿ ಸ್ಲಾಟೇ ಸಿಗದ ವಾರ ಅದು.

ಆಮೇಲೆ ಬೈಗುಳ ಶುರುವಾಯಿತು. ಪೇಟೆಯವರಿಗೆ ದುರಾಸೆ, ಹಳ್ಳಿಯಲ್ಲಾದರೆ ವರ್ಷದ ಕಾಳು ಮನೆಯಲ್ಲೇ ಇರುತ್ತೆ, ಹೀಗೆ. ನಾನು ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಕಡೆಯವನು. ನಮ್ಮ ಕಡೆ ಈ ಮಾತು ಎಷ್ಟು ನಿಜ ಅಂತ ನೋಡೋಣ. ಆ ವಾರ ಫೋನ್ ಮಾಡಿದಾಗ ಅವ್ವ ಹೇಳಿದ್ದು ಇಷ್ಟೇ: “ಮನಿ ತುಂಬ ಮೆಕ್ಕೆಜೋಳ ಐತೆಪ್ಪ, ಹೋಳಿಗಿಗೆ ಒಂದ್ ಸೇರು ಬ್ಯಾಳಿ ಇಲ್ಲ.”

ಈ ಒಂದು ಮಾತಿನ ಹಿಂದೆ ಸುಮಾರು ಅರ್ಧ ಶತಮಾನದ ಚರಿತ್ರೆ ಇದೆ.

ಬಳ್ಳಾರಿ, ರಾಯಚೂರು, ಧಾರವಾಡ ಸೀಮೆಯ ಹಳೇ ಊರುಗಳಲ್ಲಿ ಕಾಳು ಇಡುತ್ತಿದ್ದದ್ದು ನೆಲದೊಳಗೆ, ಹಗೇವಿನಲ್ಲಿ. ಕಂಡಿರದವರಿಗೆ ಹೇಳುವುದಾದರೆ, ಒಂದು ದೊಡ್ಡ ಗಡಿಗೆಯನ್ನು ಭೂಮಿಯಲ್ಲಿ ಹೂತ ಹಾಗೆ. ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಲೂ ಹುಲ್ಲು ಒತ್ತಿ, ಒಣಗಿದ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಡುತ್ತಿದ್ದರು. ನೀರು ಇಳಿಯದಿದ್ದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾರಣ ಸರಳ: ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸುತ್ತದೆ, ಹುಳ ಉಸಿರು ಕಟ್ಟಿ ಸಾಯುತ್ತದೆ. ಮನುಷ್ಯನಿಗೂ ಅದೇ ಅಪಾಯ. ಆದ್ದರಿಂದ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿಲ್ಲ. ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಇನ್ನೂ ಕಾಯಬೇಕು. ಅವಸರ ಮಾಡಿ ಇಳಿದು ಸತ್ತವರ ಕಥೆ ಈ ಸೀಮೆಯ ಹಿರಿಯರ ಬಾಯಲ್ಲಿ ಈಗಲೂ ಕೇಳಬಹುದು.

ಇದು ಸುಗ್ಗಿಯಲ್ಲಿ ಮಿಕ್ಕಿದ್ದನ್ನು ಬರಗಾಲಕ್ಕೆ ಅಂತ ಇಡುವ ಕ್ರಮ. ನಾವು ಮಾರ್ಚ್ 24ರ ರಾತ್ರಿ ಮಾಡಿದ್ದು ಕೊರತೆಯ ಭಯದಲ್ಲಿ ಕೊಳ್ಳುವ ಕೆಲಸ. ಎರಡಕ್ಕೂ ‘ಸ್ಟಾಕ್’ ಅನ್ನೋ ಒಂದೇ ಹೆಸರು ಇಟ್ಟಿದ್ದೇವೆ, ಅಷ್ಟೆ.

ಹಾಗಂತ ಹಗೇವಿನ ಕಾಲ ಸುವರ್ಣಯುಗ ಅಂತ ನಾನು ಹೇಳುತ್ತಿಲ್ಲ. ಹಗೇವು ಇದ್ದದ್ದು ಹೊಲ ಇದ್ದವರಿಗೆ, ಅದರಲ್ಲೂ ಉಂಡು ಮಿಗುವಷ್ಟು ಬೆಳೆಯುವವರಿಗೆ. 1876-78ರ ದೊಡ್ಡ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಹರಪನಹಳ್ಳಿ ಆಗ ಅದೇ ಜಿಲ್ಲೆಯಲ್ಲಿತ್ತು. ಪರಿಹಾರ ಕಾಮಗಾರಿಗೆ ಬಂದು ಕಲ್ಲು ಒಡೆದವರು ಹೆಚ್ಚಾಗಿ ಕೂಲಿಗಳು, ನೇಕಾರರು, ತುಂಡು ಹೊಲದ ರೈತರು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸಲು ಗಂಡಾಳಿನ ದಿನದ ಕೂಲಿಯನ್ನು 1 ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದ. ದಿನವಿಡೀ ದುಡಿದ ಮೈಗೆ ಅಷ್ಟು ಸಾಲುತ್ತಾ ಅನ್ನೋ ಜಗಳ ಆಗಲೇ ಎದ್ದಿತ್ತು.

1918ರಲ್ಲಿ ಇನ್ನೊಂದು ಪೆಟ್ಟು. ಆ ವರ್ಷ ಮಳೆ ಕೈಕೊಟ್ಟಿತ್ತು, ಯುದ್ಧದಿಂದ ಬೆಲೆ ಏರಿತ್ತು. ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಪಟ್ಟಣದಲ್ಲಿ ಅಂಗಡಿ ಲೂಟಿ ನಡೆಯಿತು. ಅದರ ಬೆನ್ನಿಗೇ ಇನ್‌ಫ್ಲುಯೆಂಜಾದ ಎರಡನೇ ಅಲೆ. ದಸರೆ-ದೀಪಾವಳಿ ಹೊತ್ತಿಗೆ ಅದು ದಕ್ಷಿಣದಲ್ಲಿ ಉತ್ತುಂಗದಲ್ಲಿತ್ತು. ಹಬ್ಬಕ್ಕೆ ಕೂಡಿಡುವುದಿರಲಿ, ಹಿಂಗಾರಿ ಬಿತ್ತಲೂ ಕೈಗಳಿಲ್ಲದ ಕಾಲ. 1911ರಿಂದ 1921ರ ನಡುವೆ ಇಡೀ ಭಾರತದ ಜನಸಂಖ್ಯೆಯೇ ಇಳಿಯಿತು. ಆಮೇಲೆ ಯಾವ ದಶಕದಲ್ಲೂ ಹಾಗಾಗಿಲ್ಲ. ಮನೆಮನೆಗೆ ಧಾನ್ಯ ಕೊಡುವ ಪಡಿತರ ವ್ಯವಸ್ಥೆ ಆಗ ಇರಲಿಲ್ಲ. ಕಾಳು ಇದ್ದವರು ತಿಂದರು, ಇಲ್ಲದವರು ಅವರ ಬಾಗಿಲಿಗೆ ಹೋಗಬೇಕಿತ್ತು.

ಹಗೇವು ಮಾಯವಾದದ್ದು ಸ್ವಾತಂತ್ರ್ಯ ಬಂದ ಮೇಲೆ, ನಿಧಾನವಾಗಿ. 1964ರಲ್ಲಿ ಹೈಬ್ರಿಡ್ ಜೋಳ ಬಂತು. 1965ರಲ್ಲಿ ಭಾರತೀಯ ಆಹಾರ ನಿಗಮ ಶುರುವಾಯಿತು. ಆಮೇಲೆ ಪಡಿತರ ಅಂಗಡಿಯ ಅಕ್ಕಿ ಮನೆಗೆ ಬಂತು, ಹೊಲಕ್ಕೆ ಮೆಕ್ಕೆಜೋಳ ಬಂತು. ಈಗ ದಾವಣಗೆರೆ-ಹರಪನಹಳ್ಳಿ ಪಟ್ಟಿ ಅಂದರೆ ಮೆಕ್ಕೆಜೋಳದ ಸೀಮೆ. ಅದು ಕೋಳಿ ಆಹಾರಕ್ಕೆ ಹೋಗುವ ಬೆಳೆ, ನಮ್ಮ ತಟ್ಟೆಗೆ ಬರುವುದಿಲ್ಲ. 2020ರಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತೆ ಅನ್ನೋ ಸುಳ್ಳು ಹಬ್ಬಿ ಕೋಳಿ ವ್ಯಾಪಾರ ಬಿತ್ತು, ಅದರ ಜೊತೆ ಮೆಕ್ಕೆಜೋಳದ ಬೆಲೆಯೂ ಬಿತ್ತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಬೆಳೆಗಾರರಿಗೆ ತಲಾ 5,000 ರೂಪಾಯಿ ಘೋಷಿಸಬೇಕಾಯಿತು. ಅವ್ವ ಹೇಳಿದ ‘ಮನಿ ತುಂಬ’ ಇದ್ದದ್ದು ಈ ಮೆಕ್ಕೆಜೋಳ. ಬೇಳೆಗೆ ಹಳ್ಳಿಯೂ ಅಂಗಡಿಗೇ ಹೋಗಬೇಕು, ನಮ್ಮ ಹಾಗೇ.

ಹಾಗಾದರೆ 2020ರ ಹಗೇವು ಎಲ್ಲಿತ್ತು? ಸರ್ಕಾರದ ಗೋದಾಮುಗಳಲ್ಲಿ. ಏಪ್ರಿಲ್ 1ಕ್ಕೆ ನಿಯಮದ ಪ್ರಕಾರ ಇರಬೇಕಾದ ದಾಸ್ತಾನು ಸುಮಾರು 210 ಲಕ್ಷ ಟನ್. ಇದ್ದದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಏಪ್ರಿಲ್‌ನಿಂದ ಕಾರ್ಡಿನಲ್ಲಿ ಹೆಸರಿದ್ದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ ಹೆಚ್ಚುವರಿ ಧಾನ್ಯ ಪುಕ್ಕಟೆ ಸಿಕ್ಕಿತು, ನವೆಂಬರ್‌ವರೆಗೂ ನಡೆಯಿತು. 1877ಕ್ಕೂ 1918ಕ್ಕೂ ಹೋಲಿಸಿದರೆ ಇದು ಸಣ್ಣ ಮಾತಲ್ಲ. ಕಾಳಿಗಾಗಿ ಊರ ಗೌಡರ ಬಾಗಿಲಿಗೆ ಹೋಗುವುದು ತಪ್ಪಿತ್ತು.

ಆದರೆ ಈ ದೊಡ್ಡ ಹಗೇವಿನ ಬಾಯಿಯೂ ಕಿರಿದೇ. ನಮ್ಮ ತಾಲ್ಲೂಕಿನ ಹಳ್ಳಿ-ತಾಂಡಾಗಳಿಂದ ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಬಹಳ. ಅವರ ಕಾರ್ಡು ಊರಲ್ಲಿ, ಅದರ ಅಕ್ಕಿ ತಂದು ಉಣ್ಣುವ ಮುದುಕರು-ಮಕ್ಕಳು ಊರಲ್ಲಿ, ದುಡಿಯುವ ಗಂಡ-ಹೆಂಡತಿ ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ. ಬೇರೆ ರಾಜ್ಯದವರ ಪಾಡು ಇನ್ನೂ ಕಷ್ಟ. ಕಾರ್ಡಿಲ್ಲದ ವಲಸೆ ಕಾರ್ಮಿಕರಿಗೂ ತಲಾ 5 ಕೆಜಿ ಅಂತ ಕೇಂದ್ರ ಹೇಳಿದ್ದು ಮೇ 14ಕ್ಕೆ. ಅಷ್ಟು ಹೊತ್ತಿಗೆ ಲಾಕ್‌ಡೌನ್ ಶುರುವಾಗಿ ಏಳು ವಾರ ಕಳೆದಿತ್ತು. ರೈಲಿಲ್ಲ, ಬಸ್ಸಿಲ್ಲ ಅಂತ ಎಷ್ಟೋ ಜನ ಆಗಲೇ ನಡೆದು ಊರು ಸೇರಿದ್ದರು. ದೇಶದ ಕಾಳು ಕೆಟ್ಟಿರಲಿಲ್ಲ, ಖಾಲಿಯೂ ಆಗಿರಲಿಲ್ಲ. ಮುಚ್ಚಳ ತೆಗೆಯಲು ತಡವಾಯಿತು.

ಮರುವರ್ಷ, 2021ರ ಮೇ 14ಕ್ಕೆ ಬಸವ ಜಯಂತಿ, ರಂಜಾನ್ ಎರಡೂ ಒಂದೇ ದಿನ ಬಂದವು. ಮತ್ತೆ ಲಾಕ್‌ಡೌನ್, ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಅಷ್ಟರಲ್ಲಿ ನಮಗೆ ಅಭ್ಯಾಸವಾಗಿತ್ತು. ಒಂದು ದುಡ್ಡಿನ ಚೀಲ, ಒಂದು ಫ್ರಿಜ್ಜು ಇದ್ದವರಿಗೆ ನಾಲ್ಕು ತಾಸು ಸಾಕು. ಅವತ್ತಿನ ಕೂಲಿ ಬಂದ ಮೇಲೆಯೇ ಸಂಜೆಗೆ ಅಕ್ಕಿ ಕೊಳ್ಳುವವರಿಗೆ ಬೆಳಗಿನ ನಾಲ್ಕು ತಾಸು ಯಾವ ಉಪಯೋಗಕ್ಕೂ ಇಲ್ಲ.

2022ರ ಜೂನ್ ಹೊತ್ತಿಗೆ ಎಲ್ಲಾ ರಾಜ್ಯಗಳೂ ‘ಒಂದು ದೇಶ, ಒಂದು ಪಡಿತರ ಚೀಟಿ’ಗೆ ಸೇರಿವೆ. ಎಲ್ಲಿದ್ದರೂ ಪಾಲು ಪಡೆಯಬಹುದು ಅನ್ನುತ್ತೆ ನಿಯಮ. ನಿಮ್ಮ ಅಪಾರ್ಟ್‌ಮೆಂಟ್ ಪಕ್ಕ ಏಳುತ್ತಿರುವ ಕಟ್ಟಡದಲ್ಲಿ ಗಾರೆ ಹೊರುವವರನ್ನು ಒಮ್ಮೆ ಕೇಳಿ ನೋಡಿ, ಇಲ್ಲಿ ರೇಷನ್ ಸಿಗುತ್ತಾ ಅಂತ. ಮುಂದಿನ ಬಂದ್ ಯಾವ ಹಬ್ಬದ ಹಿಂದಿನ ರಾತ್ರಿ ಬರುತ್ತೋ ಗೊತ್ತಿಲ್ಲ, ಅದಕ್ಕೆ ಮೊದಲೇ ಕೇಳುವುದು ಒಳ್ಳೆಯದು.