ದವಾಖಾನೆಯಲ್ಲಿ ನಮ್ಮ ಮಾತು: ದನಿ ಸಹಾಯಕದಿಂದ ಎಷ್ಟು ನೆರವು?

ಉಮರಗಾ, ನಿಲಂಗಾ, ಉದಗೀರ ಕಡೆಯ ಕನ್ನಡಿಗರಿಗೆ ದವಾಖಾನೆ ಎಂದರೆ ಮೂರು ನಾಲ್ಕು ಭಾಷೆಗಳ ಜಾಗ. ಮನೆಯಲ್ಲಿ ಕನ್ನಡ, ಚೀಟಿ ಮಾಡಿಸುವಲ್ಲಿ ಮರಾಠಿ, ಡಾಕ್ಟರರ ಎದುರು ಒಮ್ಮೊಮ್ಮೆ ಹಿಂದಿ, ಔಷಧಿ ಚೀಟಿಯಲ್ಲಿ ಇಂಗ್ಲಿಷ್. ನಿಲಂಗಾ, ಉದಗೀರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಬಂದರೂ ಹೆಣ್ಣು ಕೊಟ್ಟು ತರುವ ಸಂಬಂಧ ನಿಂತಿಲ್ಲ. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ ಕಡೆಯಿಂದ ಸೊಸೆಯಾಗಿ ಬಂದವರಿಗೆ ಮರಾಠಿ ಹೊಸದು. ಹಿರಿಯರಿಗೆ ಸಂತೆಗೆ ಸಾಲುವಷ್ಟು ಮರಾಠಿ ಬಂದರೂ ಬೇನೆ ಬಿಡಿಸಿ ಹೇಳುವಷ್ಟು ಬರುವುದಿಲ್ಲ. ಹೀಗಾಗಿ ಮಗನೋ ಮೊಮ್ಮಗನೋ ಜೊತೆಗೆ ಹೋಗಬೇಕು. ಅವರ ಮುಂದೆ ಹೇಳಲಾಗದ ಬೇನೆ ಹೇಳದೆಯೇ ಉಳಿಯುತ್ತದೆ.

ಮಾತಾಡಿದರೆ ಕೇಳಿ, ಮಾತಿನಲ್ಲೇ ಉತ್ತರಿಸುವ ದನಿ ಸಹಾಯಕ ಈಗ ಸಾಮಾನ್ಯ ಸ್ಮಾರ್ಟ್‌ಫೋನಿನಲ್ಲೂ ಇದೆ. ಆರೋಗ್ಯದ ವಿಷಯದಲ್ಲಿ ಅದನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬುದನ್ನು ಸದಸ್ಯ ಬಾಂಧವರ ಮಾಹಿತಿಗಾಗಿ ಇಲ್ಲಿ ಕೊಟ್ಟಿದೆ.

ಕೆಲಸ ಮಾಡುವ ಬಗೆ

ಸಾಮಾನ್ಯವಾಗಿ ಇದರಲ್ಲಿ ಮೂರು ಹಂತಗಳಿವೆ. ಮೊದಲು ನಮ್ಮ ದನಿಯನ್ನು ಅಕ್ಷರಕ್ಕೆ ಇಳಿಸುತ್ತದೆ. ನಂತರ ಅದರ ಅರ್ಥ ಹಿಡಿದು ಉತ್ತರ ಸಿದ್ಧಪಡಿಸುತ್ತದೆ, ಇಲ್ಲವೇ ಬೇರೆ ಭಾಷೆಗೆ ಅನುವಾದಿಸುತ್ತದೆ. ಕೊನೆಗೆ ಅದನ್ನು ದನಿಯಲ್ಲಿ ಹೇಳುತ್ತದೆ. ಮೊದಲ ಹಂತದಲ್ಲಿ ಒಂದು ಪದ ತಪ್ಪಿದರೆ ಮುಂದಿನ ಎರಡೂ ಹಂತಗಳು ಆ ತಪ್ಪನ್ನೇ ಸರಾಗವಾಗಿ ಮುಂದಕ್ಕೆ ಒಯ್ಯುತ್ತವೆ. ಉತ್ತರ ನಯವಾಗಿ ಬಂದ ಮಾತ್ರಕ್ಕೆ ಸರಿಯಾಗಿ ಕೇಳಿಸಿಕೊಂಡಿದೆ ಎಂದರ್ಥವಲ್ಲ.

ಈಗ ಏನೇನಿದೆ

ಕನ್ನಡ ಮತ್ತು ಮರಾಠಿಯಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯವನ್ನು ಗೂಗಲ್ 2017ರಲ್ಲಿ ಒದಗಿಸಿತು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಎರಡೂ ಭಾಷೆಗಳಿವೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರ ಜುಲೈನಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡ, ಮರಾಠಿ, ತೆಲುಗು ಸೇರಿ ಒಂಬತ್ತು ಭಾಷೆಗಳ ಮಾತನ್ನು ಸಂಗ್ರಹಿಸಿದೆ. ಆದರೆ ಅದರ ಗಮನ ಕೃಷಿ ಮತ್ತು ಹಣಕಾಸಿನ ಮೇಲಿತ್ತು. ಬೇನೆಯ ಮಾತು ಬೇರೆಯದೇ.

ಭಾಷೆಯ ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಟೆಲಿ ಮಾನಸ್ ಉದಾಹರಣೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕರೆ ಮಾಡಿದವರು ಭಾಷೆ ಆಯ್ದುಕೊಳ್ಳಬಹುದು. ಭಾಷೆ ಕೇಳುವುದು ಯಂತ್ರ, ಕಷ್ಟ ಕೇಳುವುದು ಮನುಷ್ಯರು. ದನಿ ಸಹಾಯಕಕ್ಕೂ ಇದೇ ಸರಿಯಾದ ಜಾಗ: ಅದು ಬಾಗಿಲು ತೆಗೆಯಲಿ, ಚಿಕಿತ್ಸೆ ಡಾಕ್ಟರರು ಮಾಡಲಿ.

ಕಾನೂನೂ ಇದನ್ನೇ ಹೇಳುತ್ತದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ನೋಂದಾಯಿತ ವೈದ್ಯರಿಗೆ ಅವು ನೆರವಾಗಬಹುದು, ಅಷ್ಟೆ.

ನಮ್ಮ ಕನ್ನಡ ಅದಕ್ಕೆ ತಿಳಿದೀತೇ?

ನಾವು ಪುಸ್ತಕದ ಕನ್ನಡ ಆಡುವುದಿಲ್ಲ. "ಚಕ್ಕರ್ ಬರ್ಲತ್ತದ", "ಹೊಟ್ಟಿ ಕಡೀಲತ್ತದ", "ದಮ್ಮು", "ಸಕ್ಕರಿ ಬ್ಯಾನಿ" ಎನ್ನುತ್ತೇವೆ. ಒಂದೂವರೆ ಮಾತ್ರೆಗೆ "ದೀಡ ಗುಳಿಗಿ" ಎನ್ನುವುದುಂಟು. ಇದನ್ನು ಯಂತ್ರ ಒಂದು ಎಂದು ಹಿಡಿದರೂ ಕಷ್ಟ, ಎರಡು ಎಂದು ಹಿಡಿದರೂ ಕಷ್ಟ.

ಎರಡೂ ಭಾಷೆಯಲ್ಲಿರುವ ಪದಗಳು ಇನ್ನೂ ಮೋಸ ಮಾಡುತ್ತವೆ. ನಮ್ಮ ಅನೇಕ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. "ಆಯಿಗೆ ಸಕ್ಕರಿ ಬ್ಯಾನಿ ಇತ್ತು" ಎಂದರೆ ಡಾಕ್ಟರರ ದಾಖಲೆಯಲ್ಲಿ ತಾಯಿಯ ಹೆಸರಿನ ಮುಂದೆ ಮಧುಮೇಹ ಸೇರಬಹುದು. ಮನೆಮಂದಿಗೆ ಯಾರಿಗೆ ಯಾವ ರೋಗವಿತ್ತು ಎಂಬುದು ಚಿಕಿತ್ಸೆಗೆ ಬೇಕಾದ ಮಾತು.

ಯಾವುದಕ್ಕೆ ಬಳಸಬಹುದು

- ಗುಳಿಗೆಯ ಹೊತ್ತು, ಮುಂದಿನ ಭೇಟಿಯ ದಿನ ನೆನಪಿಸಲು.
- ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಫೋನ್ ಹಚ್ಚಿಕೊಡಲು, ಬಂದ ಸಂದೇಶ ಓದಿಹೇಳಲು.
- "ಎರಡು ದಿನದಿಂದ ಜ್ವರ ಇದೆ" ಎಂಬಂಥ ಚಿಕ್ಕ ವಾಕ್ಯವನ್ನು ಮರಾಠಿಗೆ ತಿರುಗಿಸಲು. ಒಮ್ಮೆಗೆ ಒಂದೇ ವಾಕ್ಯ ಹೇಳಿ. ತೆರೆಯ ಮೇಲೆ ಮೂಡಿದ ಕನ್ನಡ ಸರಿಯಿದೆಯೇ ನೋಡಿ. ಆಮೇಲೆ ಮರಾಠಿಯನ್ನು ಪುನಃ ಕನ್ನಡಕ್ಕೆ ತಿರುಗಿಸಿ ಕೇಳಿ.

ಯಾವುದಕ್ಕೆ ಬಳಸಬಾರದು

- ಔಷಧಿಯ ಪ್ರಮಾಣ ಗೊತ್ತುಮಾಡಲು, ಹೆಚ್ಚು ಕಡಿಮೆ ಮಾಡಲು, ನಿಲ್ಲಿಸಲು.
- ಎದೆನೋವು, ಹಾವು ಕಡಿತ, ಹೆರಿಗೆ ನೋವು, ಒಮ್ಮೆಲೇ ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು: ಇಲ್ಲಿ ಯಂತ್ರವನ್ನು ಕೇಳುತ್ತ ಕೂಡಬಾರದು, ನೇರವಾಗಿ 108ಕ್ಕೆ ಕರೆ ಮಾಡಬೇಕು.
- ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವಾಗ. ಅಲ್ಲಿ ಎರಡೂ ಭಾಷೆ ಬಲ್ಲ ಮನುಷ್ಯರೇ ಬೇಕು.

ಫೋನ್ ಯಾರದು?

ಹೆಣ್ಣುಮಕ್ಕಳು ಮಗನ ಮುಂದೆ, ಮಾವನ ಮುಂದೆ ಹೇಳಲಾಗದ್ದನ್ನು ಯಂತ್ರದ ಮೂಲಕ ನರ್ಸಿಗೆ ಹೇಳಬಹುದು. ಗಡಿಭಾಗಕ್ಕೆ ಈ ತಂತ್ರಜ್ಞಾನದಿಂದ ಆಗಬಹುದಾದ ದೊಡ್ಡ ಉಪಕಾರ ಇದೇ. ಆದರೆ ಅನೇಕ ಮನೆಗಳಲ್ಲಿ ಫೋನ್ ಒಂದೇ, ಅದೂ ಗಂಡನ ಕೈಯಲ್ಲಿ. ಹೇಳಿದ ಮಾತು ಅದರ ಹಿಸ್ಟರಿಯಲ್ಲಿ ಉಳಿಯಬಹುದು, ಕಂಪನಿಯ ಸರ್ವರಿಗೂ ಹೋಗಬಹುದು. ಬಳಸಿದ ಮೇಲೆ ಅಳಿಸುವುದನ್ನು ಅವರಿಗೇ ಕಲಿಸಿಕೊಡಬೇಕು.

ನಾವು ಮಾಡಬಹುದಾದದ್ದು

ಮೊದಲನೆಯದು, ಪ್ರತಿ ಮನೆಯಲ್ಲೂ ಹಿರಿಯರ ಹೆಸರು, ಈಗಿನ ಔಷಧಿಗಳು, ಆಗದ ಔಷಧಿಗಳು, ಹಿಂದಿನ ಆಪರೇಷನ್ ಇವಿಷ್ಟನ್ನು ಕನ್ನಡ ಮತ್ತು ಮರಾಠಿಯಲ್ಲಿ ಬರೆದ ಒಂದು ಹಾಳೆ ಇರಲಿ. ನೆಟ್‌ವರ್ಕ್ ಇಲ್ಲದಾಗಲೂ ಅದು ಕೆಲಸಕ್ಕೆ ಬರುತ್ತದೆ. ಲಾತೂರ, ಸೊಲ್ಲಾಪುರಕ್ಕೆ ಹೋದರೂ ಬೀದರ, ಕಲಬುರಗಿಗೆ ಹೋದರೂ ನಡೆಯುತ್ತದೆ.

ಎರಡನೆಯದು, ಭಾಷಿಣಿಯ ಭಾಷಾದಾನ ಜಾಲತಾಣದಲ್ಲಿ 'ಬೋಲೋ ಇಂಡಿಯಾ' ಎಂಬ ವಿಭಾಗವಿದೆ. ತೆರೆಯ ಮೇಲೆ ಬಂದ ಕನ್ನಡ ವಾಕ್ಯವನ್ನು ಯಾರು ಬೇಕಾದರೂ ಓದಿ ದನಿ ಕೊಡಬಹುದು. ಯಂತ್ರ ಕೇಳದ ದನಿಯನ್ನು ಅದು ಕಲಿಯಲಾರದು. ಉದಗೀರದ ಅಜ್ಜಿಯ ಉಚ್ಚಾರ, ಉಮರಗಾದ ರೈತನ ಉಚ್ಚಾರ ಅಲ್ಲಿಗೆ ಸೇರಬೇಕಾದರೆ ನಮ್ಮ ಹುಡುಗ ಹುಡುಗಿಯರು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಾಕ್ಯ ಹೇಳಿಕೊಟ್ಟು, ಅವರ ಬಾಯಿಂದ ಆಡಿಸಬೇಕು.