ಹೂದಾನಿಯ ಹುಲ್ಲು

ಹೊಸ ಮನೆಯ ಹಾಲಿನ ಮೂಲೆಗೆಂದು ನನ್ನ ಸೊಸೆ ಎತ್ತರದ ಹೂದಾನಿಯೊಂದನ್ನು ತಂದು ಅದರಲ್ಲಿ ಒಣಹುಲ್ಲಿನ ತೆನೆಗಳನ್ನು ಸಿಕ್ಕಿಸಿಟ್ಟಳು. ಕಬ್ಬು ಸೂಲಂಗಿ ಬಿಟ್ಟ ಹಾಗಿದ್ದವು. ಬಣ್ಣ ಮಾತ್ರ ಹಾಲಿನ ಕೆನೆಯದು. “ಇದಕ್ಕೂ ದುಡ್ಡು ಕೊಟ್ಟೆಯಾ?” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅತ್ತೆಯಾದವಳು ಕಲಿಯಬೇಕಾದ ಮೊದಲ ಪಾಠವದು.

“ಪಾಂಪಸ್ ಹುಲ್ಲು ಅತ್ತೆ. ಈಗ ಮದುವೆ ಮಂಟಪದಲ್ಲೆಲ್ಲ ಇದೇ. ಗಿಡ ಸಿಕ್ಕರೆ ಕಾಂಪೌಂಡಿನ ಪಕ್ಕ ನೆಡೋಣವಾ?” ಎಂದಳು. ಹೂಂ ಎನ್ನುವ ಮೊದಲು ಅದರ ಊರು ಕೇರಿ ವಿಚಾರಿಸಬೇಕೆನಿಸಿತು. ಸಂಬಂಧ ಬೆಳೆಸುವಾಗ ವಿಚಾರಿಸುವುದಿಲ್ಲವೇ, ಹಾಗೆ.

ಪಾಂಪಸ್ ಎಂದರೆ ದಕ್ಷಿಣ ಅಮೆರಿಕದಲ್ಲಿ ಅರ್ಜೆಂಟೀನಾ ಕಡೆಯ ವಿಶಾಲವಾದ ಬಯಲು. ಆ ಸೀಮೆಯ ಈ ಹುಲ್ಲು ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ. ಗರಿಗಳ ಅಂಚು ಗರಗಸ. ಸ್ಪೇನ್ ಭಾಷೆಯಲ್ಲಿ ಅದರ ಹೆಸರು ಹುಟ್ಟಿದ್ದೇ ‘ಕತ್ತರಿಸು’ ಎಂಬ ಮಾತಿನಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಯೂರೋಪಿನ ತೋಟಗಳನ್ನು ಸೇರಿತು. 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬಳಿ ಜೋಸೆಫ್ ಸೆಕ್ಸ್‌ಟನ್ ಎಂಬ ನರ್ಸರಿಯವನು ಇದರ ತೆನೆಗಳ ವ್ಯಾಪಾರಕ್ಕಿಳಿದ. ಅಂದಿನ ಸಿರಿವಂತರ ಮನೆಯ ಹೆಂಗಸರಿಗೆ ನಡುಮನೆಯ ಹೂದಾನಿಯಲ್ಲಿ ಇದಿಲ್ಲದಿದ್ದರೆ ಮನೆ ಬೋಳೆನಿಸುತ್ತಿತ್ತು. ನನ್ನ ಸೊಸೆಯ ಹೊಸ ಫ್ಯಾಷನ್ನಿಗೆ ನೂರೈವತ್ತು ವರ್ಷದ ಮುತ್ತಜ್ಜಿಯರಿದ್ದಾರೆ!

ಈ ಹುಲ್ಲಿನಲ್ಲಿ ಎರಡು ಬಗೆ. ಒಂದು ಬರೀ ಹೆಣ್ಣು; ಇನ್ನೊಂದರ ಹೂವಿನಲ್ಲಿ ಹೆಣ್ಣು ಗಂಡು ಎರಡೂ ಉಂಟು. ಹೆಣ್ಣು ತೆನೆಯೇ ತುಂಬಿಕೊಂಡು ನಯವಾಗಿರುವುದರಿಂದ ವ್ಯಾಪಾರಿಗಳು ಅದರ ಬುಡವನ್ನೇ ಸೀಳಿ ಸೀಳಿ ನೆಟ್ಟರು. ಹತ್ತಿರದಲ್ಲಿ ಪರಾಗವಿಲ್ಲದೆ ಅದು ಬೀಜ ಕಟ್ಟದು. ಎಷ್ಟೋ ವರ್ಷ ಹುಲ್ಲು ನೆಟ್ಟಲ್ಲೇ ನಿಂತಿದ್ದದ್ದು ಹೀಗೆ. ಆಮೇಲೆ ಬೀಜದಿಂದ ಬೆಳೆಸತೊಡಗಿದಾಗ ಎರಡೂ ಬಗೆ ಹುಟ್ಟಿ ಜೊತೆಯಾದವು. 1946ರಲ್ಲಿ ಅಲ್ಲಿನ ಮಣ್ಣು ಸಂರಕ್ಷಣೆಯ ಇಲಾಖೆಯೇ ದನಕ್ಕೆ ಮೇವಾಗಲಿ, ಮಣ್ಣು ಕೊಚ್ಚಿಹೋಗದಿರಲಿ ಎಂದು ಲಾಸ್ ಏಂಜಲೀಸ್ ಸುತ್ತಮುತ್ತ ಇದನ್ನು ನೆಡಿಸಿತು. ಸದುದ್ದೇಶಕ್ಕೇನೂ ಕೊರತೆಯಿರಲಿಲ್ಲ.

ಇದರದೇ ಹೆಸರಿನಲ್ಲಿ ಆಂಡೀಸ್ ಪರ್ವತದ ಕಡೆಯ ದಾಯಾದಿಯೊಂದೂ ತೋಟಗಳಿಗೆ ಬಂತು. ಅದರ ಹೆಸರು ಜುಬಾಟಾ. ಅದು ಪೂರಾ ಹೆಣ್ಣು, ಆದರೂ ಪರಾಗದ ಹಂಗಿಲ್ಲದೆ ಬೀಜ ಕಟ್ಟುತ್ತದೆ. ಒಂದು ತೆನೆಯಲ್ಲಿ ಒಂದು ಲಕ್ಷದವರೆಗೆ ಬೀಜ! ಗಾಳಿ ಹೊತ್ತು ಹೋದಲ್ಲೆಲ್ಲ ಬೀಡು. ಕಡಲ ಕರೆಯ ಮರಳುದಿಬ್ಬ, ರಸ್ತೆಯ ಬದಿ, ಮರ ಕಡಿದ ರೆಡ್‌ವುಡ್ ಕಾಡು ಎಲ್ಲೆಡೆ ಹಬ್ಬಿ, ಎಳೆಯ ಸಸಿಗಳ ನೆಲ ನೀರು ಬೆಳಕು ಕಿತ್ತುಕೊಂಡಿತು. ಬುಡದಲ್ಲಿ ಸೇರುವ ಒಣಗರಿ ಬೆಂಕಿಗೆ ಸೌದೆಯಾಯಿತು. ನ್ಯೂಜಿಲೆಂಡಿನಲ್ಲಿ ಈಗ ಈ ಎರಡನ್ನೂ ಮಾರುವಂತಿಲ್ಲ, ಬೆಳೆಸುವಂತಿಲ್ಲ. ಯೂರೋಪಿನ ಒಕ್ಕೂಟ 2019ರಲ್ಲಿ ಜುಬಾಟಾವನ್ನು ನಿಷೇಧದ ಪಟ್ಟಿಗೆ ಸೇರಿಸಿತು.

ನಮಗೇನು ಎನ್ನಬಹುದು. ಮಕ್ಕಳನ್ನು ಬಂಡೀಪುರಕ್ಕೆ ಪ್ರವಾಸ ಕರೆದೊಯ್ದಾಗ, “ಟೀಚರ್, ಎಷ್ಟು ಚೆಂದ ಹೂವು!” ಎಂದು ಕಿಟಕಿಯಿಂದ ತೋರಿಸಿದ್ದು ಲಂಟಾನವನ್ನು. ಅದೂ ಅಮೆರಿಕ ಖಂಡದ್ದೇ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು. ಆನೆ, ಕಡವೆ ಮೇಯುವ ಹುಲ್ಲಿನ ಜಾಗದಲ್ಲಿ ಇವತ್ತು ಅದರ ಪೊದೆ ನಿಂತಿದೆ. ಮಲೆ ಮಹದೇಶ್ವರ ಬೆಟ್ಟದ ಜನ ಅದರ ಕಡ್ಡಿಯಿಂದ ಕುರ್ಚಿ ಹೆಣೆಯುತ್ತಾರೆ. ಎಷ್ಟು ಕುರ್ಚಿ ಹೆಣೆದರೆ ಅಷ್ಟು ಕಾಡು ಖಾಲಿಯಾದೀತು?

ಇಷ್ಟನ್ನೂ ಸೊಸೆಗೆ ಹೇಳಿದೆ. ಪಾಠ ಮಾಡುವ ಚಾಳಿ ಬಿಡದು. ಅವಳು ಕೇಳುತ್ತಲೇ ಹೂದಾನಿಯ ಕೆಳಗೆ ಉದುರಿದ್ದ ಎಳೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗಿಡದ ಗುಂಡಿಗೆ ಹಾಕದೆ ಕವರಿನಲ್ಲಿ ಕಟ್ಟಿದಳು. “ಕಾಂಪೌಂಡಿಗೆ ಕನಕಾಂಬರವೇ ಇರಲಿ ಬಿಡಿ ಅತ್ತೆ. ಇದು ಮಾತ್ರ ಇಲ್ಲೇ ಇರುತ್ತೆ, ದುಡ್ಡು ಕೊಟ್ಟಿದೀನಿ” ಎಂದಳು.