ಹೊಗೆ, ಇಲಿ, ಮಗ: ರಷ್ಯನ್ನಿನ ಒಂದು ಸ್ವರದ ಜಾಡು

ರಷ್ಯನ್ ಭಾಷೆಯಲ್ಲಿ ಹೊಗೆಗೆ ದಿಮ್, ಇಲಿಗೆ ಮಿಷ್, ಮಗನಿಗೆ ಸಿನ್ ಅಂತಾರೆ. ಪಕ್ಕದಲ್ಲಿ ಸಂಸ್ಕೃತದ ಧೂಮ, ಮೂಷಕ, ಸೂನು ಇಟ್ಟು ನೋಡಿ. ಇಂಥ ಪಟ್ಟಿ ವಾಟ್ಸಾಪಿನಲ್ಲಿ ಆಗಾಗ ಬರುತ್ತೆ, ಕೊನೆಗೆ ‘ರಷ್ಯನ್ ಹುಟ್ಟಿದ್ದೇ ಸಂಸ್ಕೃತದಿಂದ’ ಅನ್ನೋ ತೀರ್ಪಿನ ಜೊತೆ. ಪಟ್ಟಿ ಸರಿ, ತೀರ್ಪು ತಪ್ಪು. ಅದು ಯಾಕೆ ತಪ್ಪು ಅನ್ನೋದನ್ನ ಆ ಪದಗಳೊಳಗಿನ ಸ್ವರವೇ ಹೇಳುತ್ತೆ.

ನಾನಿಲ್ಲಿ ಇಕಾರ ಹಾಕಿದ್ದು ಕನ್ನಡ ಲಿಪಿಯಲ್ಲಿ ಬೇರೆ ದಾರಿಯಿಲ್ಲದೆ. ಅದು ನಮ್ಮ ಇ ಅಲ್ಲ. ‘ಉ’ ಎನ್ನಲು ನಾಲಿಗೆಯನ್ನು ಹಿಂದಕ್ಕೆ ಎಳೆಯಿರಿ, ಅಲ್ಲಿಂದ ಸ್ವಲ್ಪ ಮುಂದಕ್ಕೆ ತನ್ನಿ, ತುಟಿಯನ್ನು ಮಾತ್ರ ದುಂಡಗೆ ಮಾಡಬೇಡಿ. ಹೆಚ್ಚುಕಡಿಮೆ ಆ ಧ್ವನಿ ಬರುತ್ತೆ. ಇದನ್ನು ‘ಗಡುಸು ಇ’ ಅನ್ನೋಣ.

ಮೂರೂ ಪದಗಳಲ್ಲಿ ಸಂಸ್ಕೃತದ ಊ ಇರುವ ಜಾಗದಲ್ಲೇ ಈ ಗಡುಸು ಇ ಇದೆ. ಲಿಥುವೇನಿಯನ್ನಿನಲ್ಲಿ ಮಗನಿಗೆ ಸೂನುಸ್, ಹೊಗೆಗೆ ದೂಮಯ್. ಲ್ಯಾಟಿನ್ನಿನಲ್ಲಿ ಹೊಗೆ ಫೂಮುಸ್, ಇಲಿ ಮೂಸ್. ಅಂದರೆ ಊ ಸಂಸ್ಕೃತದೊಬ್ಬರ ಸೊತ್ತಲ್ಲ. ಇವೆಲ್ಲಕ್ಕೂ ಮೂಲವಾದ ಭಾಷೆಯದು. ಸ್ಲಾವಿಕ್ ಕವಲಿನಲ್ಲಿ ಆ ದೀರ್ಘ ಊ ತುಟಿಯ ದುಂಡನ್ನು ಬಿಟ್ಟುಕೊಟ್ಟು ಗಡುಸು ಇ ಆಯಿತು. ಸಂಸ್ಕೃತ ಇಲ್ಲಿ ತಾಯಿಯಲ್ಲ, ದಾಯಾದಿ.

ಅಕ್ಷರದ ರೂಪ ಇನ್ನೂ ಸೊಗಸು. 1056–57ರಲ್ಲಿ ಬರೆದ ಓಸ್ತ್ರೊಮಿರ್ ಸುವಾರ್ತೆಯಂಥ ಹಳೆಯ ಹಸ್ತಪ್ರತಿಗಳಲ್ಲಿ ಇದು ಎರಡು ಅಕ್ಷರಗಳ ಜೋಡಿ. ಮೊದಲನೆಯದು ‘ಯೆರ್’, ಆಗಿನ ಕಾಲಕ್ಕೆ ಅತಿಹ್ರಸ್ವವಾದ ಒಂದು ಉಕಾರದಂಥ ಸ್ವರದ ಗುರುತು. ಎರಡನೆಯದು ಇ. ಲಿಪಿ ಮಾಡಿದವರಿಗೆ ಶಬ್ದದ ಇತಿಹಾಸ ಗೊತ್ತಿತ್ತು ಅಂತ ನಾನು ಹೇಳಲಾರೆ. ಉ-ಇಗಳ ನಡುವಿನ ಏನನ್ನೋ ಅವರ ಕಿವಿ ಹಿಡಿದಿತ್ತು, ಅಷ್ಟೆ. ಇಂದಿನ ಅಚ್ಚಿನ ಅಕ್ಷರದಲ್ಲೂ ಎರಡು ತುಂಡು ಬೇರೆಬೇರೆಯಾಗೇ ನಿಂತಿವೆ.

ಮುಂದೆ ಬಲ್ಗೇರಿಯನ್ ಮತ್ತು ಸರ್ಬಿಯನ್ ಭಾಷೆಗಳಲ್ಲಿ ಈ ಸ್ವರ ಸಾಮಾನ್ಯ ಇಕಾರದಲ್ಲಿ ಕರಗಿಹೋಯಿತು. (ಅಲ್ಲಿ ಮಗ ನಿಜಕ್ಕೂ ‘ಸಿನ್’, ನನ್ನ ಕನ್ನಡ ಬರಹ ಅವರಿಗೆ ಸರಿಹೊಂದುತ್ತೆ.) ಬಾಯಲ್ಲಿ ಭೇದ ಹೋದ ಮೇಲೆ ಲಿಪಿಕಾರರ ಕೈ ತಡವರಿಸತೊಡಗಿತು: ಒಂದು ಅಕ್ಷರ ಇರಬೇಕಾದಲ್ಲಿ ಇನ್ನೊಂದು. ಹಳಗನ್ನಡ ಶಾಸನ ಓದುವವರಿಗೆ ಇದು ಹಳೇ ಪರಿಚಯ. ೞ ಬರಬೇಕಾದಲ್ಲಿ ಳ ಕಂಡರೆ ನಾವು ಏನು ಊಹಿಸುತ್ತೇವೋ, ಅಲ್ಲಿನವರೂ ಅದನ್ನೇ ಊಹಿಸುತ್ತಾರೆ. ಕಂಡರಿಸಿದವನ ತಪ್ಪು ಅಂತ ತಿದ್ದಿ ಪ್ರಕಟಿಸಿದರೆ ಸಾಕ್ಷಿಯೇ ಅಳಿಸಿಹೋಗುತ್ತೆ. ಇದಕ್ಕೇ ಪಾಠವನ್ನು ಇದ್ದಂತೆಯೇ ಕೊಡಿ ಅಂತ ಹಟ ಮಾಡೋದು. ರಷ್ಯನ್ನಿನಲ್ಲೇ ಕ, ಗ, ಖಗಳ ನಂತರ ಈ ಸ್ವರ ಇ ಆಯಿತು. ಕೀವ್ ನಗರದ ಹೆಸರನ್ನು ಹಳೆಯ ಬರಹಗಳಲ್ಲಿ ಗಡುಸು ಇ ಹಾಕಿಯೇ ಬರೆದಿದ್ದಾರೆ.

ಇದು ಸ್ವತಂತ್ರ ಸ್ವರವೇ ಅನ್ನೋ ಜಗಳವೂ ಇದೆ. ರಷ್ಯನ್ ವ್ಯಂಜನಗಳಲ್ಲಿ ಗಡುಸು-ಮೃದು ಎಂದು ಎರಡು ಬಗೆ. ಗಡುಸಿನ ನಂತರ ಗಡುಸು ಇ, ಮೃದುವಿನ ನಂತರ ಸಾಮಾನ್ಯ ಇ. ‘ಇದ್ದನು’ ಮತ್ತು ‘ಹೊಡೆದನು’ ಎರಡಕ್ಕೂ ಕನ್ನಡದಲ್ಲಿ ಬಿಲ್ ಅಂತಲೇ ಬರೀಬೇಕು. ಅವರಿಗೆ ಎರಡೂ ಬೇರೆ. ಭೇದ ಇರೋದು ಬ-ದಲ್ಲೋ, ಇ-ಯಲ್ಲೋ? ಮಾಸ್ಕೋ ಪಂಥ ವ್ಯಂಜನದಲ್ಲಿ ಅಂತು; ಶ್ಚೆರ್ಬಾ ಅವರ ಲೆನಿನ್‌ಗ್ರಾದ್ ಪಂಥ ಇದು ಬೇರೆಯೇ ಸ್ವರ ಅಂತು. ಇವಾನ್ ಎಂಬ ಹೆಸರಿನ ಹಿಂದೆ ಗಡುಸು ವ್ಯಂಜನದ ಪದ ಬಂದರೆ, ಉಚ್ಚಾರದಲ್ಲಿ ಇವಾನನ ಇ ಕೂಡ ಗಡುಸಾಗುತ್ತೆ. ನನಗೆ ಮಾಸ್ಕೋದವರ ವಾದವೇ ಗಟ್ಟಿ ಅನ್ನಿಸುತ್ತೆ.

ಇದಕ್ಕೆ ಹತ್ತಿರದ ಸ್ವರ ತುರ್ಕಿಯಲ್ಲಿದೆ. 1928ರ ಲಿಪಿ ಬದಲಾವಣೆಯಲ್ಲಿ ಅದಕ್ಕೆ ಚುಕ್ಕಿಯಿಲ್ಲದ ಐ ಸಿಕ್ಕಿತು. ಆದರೆ ತುರ್ಕಿಕ್ ಭಾಷೆಯ ಹಳೆಯ ಶಾಸನಗಳ ಕ್ರಮ ಬೇರೆ. ಮಂಗೋಲಿಯಾದ ಓರ್ಖೋನ್ ಕಣಿವೆಯ ಕ್ಯುಲ್ ತಿಗಿನ್ ಶಾಸನ 732ರದು. ಅದರ ಲಿಪಿಯ ಗುಟ್ಟನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ತೋಮ್ಸೆನ್ 1893ರಲ್ಲಿ ಬಿಡಿಸಿದರು. ಅದರಲ್ಲಿ ಇ-ಗೂ ಗಡುಸು ಇ-ಗೂ ಒಂದೇ ಚಿಹ್ನೆ! ಬದಲಿಗೆ ಬ, ತ, ಲ, ನ ಮುಂತಾದ ಹಲವು ವ್ಯಂಜನಗಳಿಗೆ ಎರಡೆರಡು ಅಕ್ಷರ. ವ್ಯಂಜನ ನೋಡಿ ಸ್ವರ ತಿಳ್ಕೋಬೇಕು. ರಷ್ಯನ್ ಲಿಪಿಯಲ್ಲಿ ಇದು ತಿರುಗುಮುರುಗು: ಸ್ವರ ನೋಡಿ ವ್ಯಂಜನ.

ನಮ್ಮ ಕರಾವಳಿಯಲ್ಲೂ ಇದರ ನೆಂಟ ಇದೆ. ತುಳುವಿನ ‘ನೀರ್’ ಎಂಬಲ್ಲಿ ಕೊನೆಗೆ ತುಟಿ ದುಂಡಾಗದ ಒಂದು ಗಿಡ್ಡ ಸ್ವರ ಕೇಳಿಸುತ್ತೆ; ‘ಊರು’ ಎಂಬಲ್ಲಿ ಹಿಂದಿನ ಊ ಪ್ರಭಾವದಿಂದ ಪೂರ್ತಿ ಉಕಾರ. ರಷ್ಯನ್ನಿನದು ಪದದ ನಡುವೆ ಒತ್ತು ಹೊತ್ತು ನಿಲ್ಲಬಲ್ಲದು, ತುಳುವಿನದು ಪದದ ತುದಿಯಲ್ಲಿ ಬರುವಂಥದ್ದು. ಕೊಡವ ಭಾಷೆಯಲ್ಲಿ ಇಂಥ ಸ್ವರ ಪದದ ಒಳಗೂ ಬರುತ್ತೆ, ದೀರ್ಘವಾಗಿಯೂ. ಕನ್ನಡ ಲಿಪಿಯಲ್ಲಿ ತುಳು ಬರೆಯುವವರು ಒಬ್ಬರು ‘ನೀರ್’ ಅಂತ, ಇನ್ನೊಬ್ಬರು ‘ನೀರು’ ಅಂತ ಬರೀತಾರೆ. ಬಾಯಲ್ಲಿರೋದು ಎರಡೂ ಅಲ್ಲ.